ಬೆಂಕಿಗೆ ಸಿಕ್ಕ ಟಿಪ್ಪಣಿಗಳು: ಎಂ.ಎನ್. ಶ್ರೀನಿವಾಸ್ ಅವರ ಬದುಕು

ನಾನು ಕಾಮರ್ಸ್ ವಿದ್ಯಾರ್ಥಿ. ಸಮಾಜಶಾಸ್ತ್ರ ನಮ್ಮ ಕಾಂಬಿನೇಷನ್‌ನಲ್ಲಿ ಇಲ್ಲ. ಬಿಂಡಿಗನವಿಲೆಯಿಂದ ಬೆಳಗಿನ ಬಸ್ಸಿನಲ್ಲಿ ಬರುವಾಗ ನನ್ನ ಪಕ್ಕ ಕೂರುವ ಗೆಳೆಯ ಆರ್ಟ್ಸ್ ಓದುತ್ತಾನೆ. ಟೆಸ್ಟ್ ಇರುವ ದಿನ ಅವನು ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿರುತ್ತಾನೆ. ಎಂ.ಎನ್. ಶ್ರೀನಿವಾಸ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಹಾಗೆ. ಸಂಸ್ಕೃತೀಕರಣ, ಪ್ರಬಲ ಜಾತಿ ಎಂದು ಅವನು ಹೇಳಿಕೊಳ್ಳುತ್ತಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಆದರೆ ಇವರ ಹದಿನೆಂಟು ವರ್ಷದ ಕೆಲಸ ಒಂದೇ ಬೆಳಗಿನ ಜಾವ ಸುಟ್ಟುಹೋಯಿತು ಎಂದು ಅವನು ಹೇಳಿದ ದಿನ ನಿದ್ದೆ ಹಾರಿತು. ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇವರು ನಮ್ಮ ಕಡೆಯವರೇ. ಮನೆತನದ ಊರು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ. ಮಕ್ಕಳಿಗೆ ಓದು ಸಿಗಬೇಕೆಂದು ತಂದೆ ಹಳ್ಳಿ ಬಿಟ್ಟು ಮೈಸೂರು ಸೇರಿದ್ದರು. ಶ್ರೀನಿವಾಸ್ ಹುಟ್ಟಿದ್ದು ಮೈಸೂರಿನಲ್ಲಿ, 1916ರ ನವೆಂಬರ್ 16ರಂದು. ಅಯ್ಯಂಗಾರ್ ಕುಟುಂಬ. ನಮ್ಮ ಬಿಂಡಿಗನವಿಲೆಯ ಗರುಡ ದೇವರ ಗುಡಿ ಎಲ್ಲರಿಗೂ ಗೊತ್ತು. ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಮೈಸೂರು, ಬೆಂಗಳೂರು ಸೇರಿದ ಅಯ್ಯಂಗಾರರು ಬಹಳ ಮಂದಿ. ಹೀಗಾಗಿ ಓದಿಗಾಗಿ ಊರು ಬಿಡುವ ಕಥೆ ನಮಗೆ ಹೊಸದಲ್ಲ. ಈಗ ನಮ್ಮ ಮನೆಗಳಲ್ಲೂ ಅದೇ ಮಾತು ನಡೆಯುತ್ತಿದೆ.

ಅವರ ಮನೆಯೊಳಗೆ ತಮಿಳು, ಹೊರಗೆ ಬಂದರೆ ಕನ್ನಡ. ಇದನ್ನು ಓದಿದಾಗ ನನಗೆ ಖುಷಿಯಾಯಿತು. ನಮ್ಮ ಮನೆಯಲ್ಲಿ ಅಮ್ಮಿ, ದಾದಿಮಾ ಜೊತೆ ಉರ್ದು, ಹೊಸಿಲು ದಾಟಿದರೆ ಕನ್ನಡ. ಹೊಸಿಲಲ್ಲಿ ಭಾಷೆ ಬದಲಾಯಿಸುವ ಅಭ್ಯಾಸ ಚಿಕ್ಕಂದಿನಿಂದ ಇದ್ದವರಿಗೆ ಬೇರೆಯವರ ಮನೆಯ ರೀತಿ ಬೇರೆ ಇರುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೈಸೂರಿನಲ್ಲಿ ಅವರ ಮನೆ ಕಾಲೇಜು ರಸ್ತೆಯಲ್ಲಿತ್ತು. ಅಲ್ಲೆಲ್ಲ ಬ್ರಾಹ್ಮಣರ ಮನೆಗಳು. ಮನೆಯ ಹಿಂದೆಯೇ ಬಂಡಿಕೇರಿ ಎಂಬ ಕೇರಿ. ಅಲ್ಲಿ ಹಳ್ಳಿಗಳಿಂದ ಬಂದ ಕುರುಬರು ವಾಸವಾಗಿದ್ದರು. ಊಟ, ಉಡುಪು, ಮಾತು, ಜಗಳ ಎಲ್ಲವೂ ಬೇರೆ. ಹಿತ್ತಲ ಬಾಗಿಲಿನಿಂದ ಕಂಡ ಆ ಕೇರಿಯೇ ತಮಗೆ ಮೊದಲ ಪರದೇಶ ಎಂಬ ಅರ್ಥದಲ್ಲಿ ಮುಂದೆ ದೊಡ್ಡ ಪ್ರೊಫೆಸರ್ ಆದ ಮೇಲೂ ಅವರು ನೆನೆಯುತ್ತಿದ್ದರು.

ತಂದೆ 1934ರಲ್ಲಿ ತೀರಿಕೊಂಡರು. ಆಗ ಹುಡುಗನಿಗೆ ಹದಿನೇಳು, ಹದಿನೆಂಟು. ನಮ್ಮ ಕ್ಲಾಸಿನವರ ವಯಸ್ಸು. ಓದು ನಿಲ್ಲಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಆನರ್ಸ್ ಮುಗಿಸಿ ಬೊಂಬಾಯಿಗೆ ಹೋದರು. ಅಲ್ಲಿ ಜಿ.ಎಸ್. ಘುರ್ಯೆ ಎಂಬ ಹೆಸರಾಂತ ಗುರು. ಎಂ.ಎ.ಗಾಗಿ ಮೈಸೂರು ಸೀಮೆಯ ಮದುವೆ, ಕುಟುಂಬ ಪದ್ಧತಿಗಳ ಬಗ್ಗೆ ಬರೆದದ್ದು 1942ರಲ್ಲಿ ಪುಸ್ತಕವಾಯಿತು. ನಂತರ ಕೊಡಗಿಗೆ ಹೋಗಿ ಕೊಡವರ ಬಗ್ಗೆ ಮಾಹಿತಿ ಕೂಡಿಸಿದರು. ದೇಹ ಮೊದಲಿನಿಂದಲೂ ಸಣಕಲು, ಕಾಡು ಮಳೆಯ ನಾಡಿನ ತಿರುಗಾಟದಲ್ಲಿ ಆರೋಗ್ಯ ಕೈಕೊಟ್ಟಿತು. ಆದರೂ ಪಿಎಚ್.ಡಿ.ಗೆ ಬರೆದದ್ದು ಸುಮಾರು 900 ಪುಟ! ನಾವು ಹತ್ತು ಪುಟದ ಪ್ರಾಜೆಕ್ಟಿಗೇ ಗೊಣಗುತ್ತೇವೆ.

1945ರಲ್ಲಿ ಅವರು ಆಕ್ಸ್‌ಫರ್ಡ್‌ಗೆ ಹೋದರು. ಅಷ್ಟು ಹೊತ್ತಿಗೆ ಒಂದು ಡಾಕ್ಟರೇಟ್ ಮುಗಿದಿತ್ತು, ವಯಸ್ಸು ಮೂವತ್ತರ ಹತ್ತಿರ. ಆದರೂ ಹೋದದ್ದು ಮತ್ತೆ ವಿದ್ಯಾರ್ಥಿಯಾಗಿ. ಬೇರೆ ಯಾರಾದರೂ ಆಗಿದ್ದರೆ ಅವಮಾನ ಎಂದುಕೊಳ್ಳುತ್ತಿದ್ದರೇನೋ.

ಪರದೇಶದ ಓದು ಎಂದರೆ ಈಗ ನಮ್ಮ ಕಣ್ಣ ಮುಂದೆ ಬರುವುದು ಹೊಳೆಯುವ ಫೋಟೋಗಳು. ಆಗಿನ ಇಂಗ್ಲೆಂಡ್ ಹಾಗಿರಲಿಲ್ಲ. ಯುದ್ಧ ಆಗಷ್ಟೇ ಮುಗಿದಿತ್ತು. ಬೆಣ್ಣೆ, ಸಕ್ಕರೆ, ಟೀ ಪುಡಿ, ಮಾಂಸ ಎಲ್ಲಕ್ಕೂ ರೇಷನ್. ಯುದ್ಧದ ಕಾಲದಲ್ಲೂ ಇರದಿದ್ದ ಬ್ರೆಡ್ ರೇಷನ್ 1946ರ ಜುಲೈನಲ್ಲಿ ಶುರುವಾಯಿತು. ಮರುವರ್ಷದ ಚಳಿಗಾಲದಲ್ಲಿ ದೇಶವೆಲ್ಲ ಹಿಮದಲ್ಲಿ ಹೂತು, ಕಲ್ಲಿದ್ದಲಿಲ್ಲದೆ ಕಾರ್ಖಾನೆಗಳೇ ಮುಚ್ಚಿದವು. ಗೆದ್ದ ದೇಶ ಕ್ಯೂನಲ್ಲಿ ನಿಂತಿದ್ದ ಕಾಲ ಅದು. ಸೊಪ್ಪು ಸಾರು, ಮೊಸರನ್ನದ ಮನೆಯಿಂದ ಹೋದ ಸಣಕಲು ಹುಡುಗನಿಗೆ ಅಂಥ ದೇಶದ ಊಟ ಎಷ್ಟು ಒಗ್ಗಿರಬಹುದು ಎಂದು ನೀವೇ ಲೆಕ್ಕ ಹಾಕಿ.

ಊಟಕ್ಕಿಂತ ದೊಡ್ಡ ಪರೀಕ್ಷೆ ಓದಿನಲ್ಲಿ ಬಂತು. ಅಲ್ಲಿನ ಪ್ರೊಫೆಸರ್ ರ್‍ಯಾಡ್‌ಕ್ಲಿಫ್ ಬ್ರೌನ್. ನಮ್ಮ ಅಂಡಮಾನ್ ದ್ವೀಪದವರ ಬಗ್ಗೆ ಪುಸ್ತಕ ಬರೆದ ಪಂಡಿತರು. ಶ್ರೀನಿವಾಸ್ ಬೇರೊಂದು ವಿಷಯ ತೆಗೆದುಕೊಂಡು ಕೆಲಸ ಮಾಡಬೇಕೆಂದು ಯೋಚಿಸಿದ್ದರು. ಪ್ರೊಫೆಸರ್ ಒಪ್ಪಲಿಲ್ಲ. ಕೊಡವರ ಬಗ್ಗೆ ಕೈಯಲ್ಲಿರುವ ಮಾಹಿತಿಯನ್ನೇ ಮತ್ತೆ ಬಿಚ್ಚಿ, ಅವರ ಪೂಜೆ ಪುನಸ್ಕಾರಗಳಿಗೂ ಅವರು ಕೂಡಿ ಬದುಕುವ ರೀತಿಗೂ ಏನು ಸಂಬಂಧ ಎಂದು ನೋಡಲು ಹೇಳಿದರು. ಒಂದು ಸಲ 900 ಪುಟ ಬರೆದು ಮುಗಿಸಿದ ವಿಷಯವನ್ನು ಇನ್ನೊಂದು ಸಲ ಮೊದಲಿಂದ ಬರೆಯುವುದು! ನಮ್ಮ ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಜರ್ನಲ್‌ನಿಂದ ಶುರು ಮಾಡಲು ಹೇಳುತ್ತಾರಲ್ಲ, ಆಗ ಆಗುವ ಸಂಕಟ ನೆನೆಸಿಕೊಳ್ಳಿ. ಅವರು ಮಾಡಿದರು. 1946ರಲ್ಲಿ ಆ ಪ್ರೊಫೆಸರ್ ನಿವೃತ್ತರಾಗಿ ಇವಾನ್ಸ್ ಪ್ರಿಚರ್ಡ್ ಬಂದರು. 1947ರಲ್ಲಿ ಡಿ.ಫಿಲ್. ಸಿಕ್ಕಿತು. ಅದೇ ಬರಹ 1952ರಲ್ಲಿ ಪುಸ್ತಕವಾಗಿ ಬಂತು. ಕೆಳಗಿನ ಸ್ಥಾನದಲ್ಲಿರುವ ಜಾತಿಗಳು ಮೇಲಿನವರ ಆಚಾರಗಳನ್ನು ಹಿಡಿದು ಮೇಲಕ್ಕೇರಲು ನೋಡುತ್ತವೆ ಎಂಬ ಸಂಸ್ಕೃತೀಕರಣದ ವಿಚಾರ ಜಗತ್ತಿಗೆ ತಿಳಿದದ್ದು ಆ ಪುಸ್ತಕದಿಂದ. ನನ್ನ ಗೆಳೆಯ ಬಸ್ಸಿನಲ್ಲಿ ಬಾಯಿಪಾಠ ಮಾಡುವುದು ಇದನ್ನೇ.

ಆಕ್ಸ್‌ಫರ್ಡ್ ಅವರಿಗೆ ಅಧ್ಯಾಪಕರ ಹುದ್ದೆಯನ್ನೂ ಕೊಟ್ಟಿತು. ಜೊತೆಗೆ ಮೊದಲ ವರ್ಷ ಪಾಠ ಮಾಡದೆ ಭಾರತದ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಲು ಬಿಟ್ಟಿತು. ಅವರು ಆರಿಸಿಕೊಂಡದ್ದು ತಮ್ಮ ಹಿರಿಯರ ಸೀಮೆಗೆ ಹತ್ತಿರವಾದ ಮೈಸೂರು ಜಿಲ್ಲೆಯ ಹಳ್ಳಿ. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ನಿಜವಾದ ಊರು ಬನ್ನೂರಿನ ಕಡೆಯ ಕೊಡಗಹಳ್ಳಿ.

1948ರ ಆ ವರ್ಷದ ಬಗ್ಗೆ ಓದುವಾಗ ನನಗೆ ಅನಿಸಿದ್ದು, ಅವರಿಗೆ ಆಕ್ಸ್‌ಫರ್ಡ್‌ಗಿಂತ ರಾಂಪುರವೇ ಹೆಚ್ಚು ಪರದೇಶವಾಗಿತ್ತು. ಪೇಟೆಯಲ್ಲಿ ಬೆಳೆದ, ಇಂಗ್ಲೆಂಡಿನಿಂದ ಬಂದ ಬ್ರಾಹ್ಮಣ. ಊರ ಪಟೇಲರು ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಇವರಿಗೆ ಜಾಗ ಮಾಡಿಕೊಟ್ಟರು. ಒಂದು ಕಡೆ ದನಗಳು, ಇನ್ನೊಂದು ಕಡೆ ಟಿಪ್ಪಣಿ ಬರೆಯುವ ಮೇಷ್ಟ್ರು. ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವುದು ಹಳ್ಳಿಯಲ್ಲಿ ಆಗದ ಕೆಲಸ, ಯಾರು ಬೇಕಾದರೂ ಯಾವಾಗ ಬೇಕಾದರೂ ಬಂದು ಕೂರುವರು. ಇವರು ಸ್ನಾನ ಮಾಡಿ ಆಮೇಲೆ ಗಡ್ಡ ಬೋಳಿಸಿಕೊಂಡರೆ ಊರಿನ ಹಿರಿಯರಿಗೆ ಸರಿಬರುತ್ತಿರಲಿಲ್ಲ. ಬ್ರಾಹ್ಮಣ ಹೇಗಿರಬೇಕೆಂದು ಬ್ರಾಹ್ಮಣನಿಗಿಂತ ಊರಿಗೇ ಚೆನ್ನಾಗಿ ಗೊತ್ತಿತ್ತು! ಇನ್ನು ಕುತ್ತಿಗೆಯಲ್ಲಿ ಕ್ಯಾಮೆರಾ ಹಾಕಿಕೊಂಡು ಓಡಾಡುವವರನ್ನು ಊರು ಸುಮ್ಮನೆ ಬಿಡುತ್ತದೆಯೇ? ಕ್ಯಾಮೆರಾ ಎಂಬ ಪದ ಜನರ ಬಾಯಲ್ಲಿ ಚಾಮರ ಆಯಿತು. ದೇವರಿಗೆ ಬೀಸುವ ಚಾಮರ. ನಮ್ಮ ದಾದಿಮಾ ಕೂಡ ಇಂಗ್ಲಿಷ್ ಪದಗಳನ್ನು ಹೀಗೆಯೇ ತಮ್ಮದು ಮಾಡಿಕೊಳ್ಳುತ್ತಾರೆ, ಆದ್ದರಿಂದ ಇದನ್ನು ಓದಿ ಒಬ್ಬನೇ ನಕ್ಕೆ.

ರಾಂಪುರದಲ್ಲಿ ಒಕ್ಕಲಿಗರು, ಕುರುಬರು, ಹರಿಜನರು, ಮುಸ್ಲಿಮರು ಹೀಗೆ ಹಲವು ಜನ. ನಮ್ಮ ತಾಲ್ಲೂಕಿನ ಯಾವ ದೊಡ್ಡ ಹಳ್ಳಿಗೆ ಹೋದರೂ ಕಾಣುವ ಚಿತ್ರವೇ. ಉಳುಮೆ, ಸಾಲ, ಮದುವೆ, ಪಂಚಾಯ್ತಿ, ಜಗಳ, ರಾಜಿ ಎಲ್ಲವನ್ನೂ ಅವರು ಬರೆದುಕೊಂಡರು. ಅವರ ಬಗ್ಗೆ ಒಂದು ಟೀಕೆ ಇದೆ, ಅದನ್ನು ಬಿಟ್ಟು ಬರೆದರೆ ಸರಿಯಲ್ಲ. ಪಟೇಲರ ಅತಿಥಿಯಾಗಿ ಇದ್ದ ಕಾರಣ ಮೇಲಿನವರ ಜಗುಲಿಯಿಂದ ಕಂಡ ಹಳ್ಳಿಯೇ ಅವರ ಬರಹದಲ್ಲಿ ಹೆಚ್ಚು, ಹರಿಜನರ ಕೇರಿಗೆ ಅವರ ಓಡಾಟ ಕಡಿಮೆ. ಇದನ್ನು ಅವರೂ ಮುಚ್ಚಿಡಲಿಲ್ಲ. ಹಾಗೆ ಒಪ್ಪಿಕೊಂಡ ಮಾತ್ರಕ್ಕೆ ಆ ಕೊರತೆ ತುಂಬುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇರಿಯ ಹುಡುಗನೊಬ್ಬ ಬರೆದಿದ್ದರೆ ಅದೇ ಊರು ಬೇರೆ ಥರ ಕಾಣುತ್ತಿತ್ತು.

ಜನಸಂಖ್ಯೆ, ಜಮೀನು, ಅಧಿಕಾರ ಕೈಯಲ್ಲಿರುವ ಜಾತಿ ಊರನ್ನು ಹೇಗೆ ನಡೆಸುತ್ತದೆ ಎಂಬ ವಿಚಾರ ಅವರಿಗೆ ಹೊಳೆದದ್ದು ಇಲ್ಲಿ. ಚುನಾವಣೆ ಬಂದಾಗ ಟಿ.ವಿ.ಯಲ್ಲಿ ದಿನಕ್ಕೆ ನೂರು ಸಲ ಕೇಳುವ ವೋಟ್ ಬ್ಯಾಂಕ್ ಎಂಬ ಪದವನ್ನು ಬಳಕೆಗೆ ತಂದವರೂ ಇವರೇ ಎನ್ನುತ್ತಾರೆ. 1955ರ ಒಂದು ಲೇಖನದಲ್ಲಿ ಅದು ಬರುತ್ತದೆ. ಬ್ಯಾಂಕ್ ಎಂದರೆ ನಮ್ಮ ಕಾಮರ್ಸ್‌ನವರ ಸ್ವತ್ತು ಎಂದುಕೊಂಡಿದ್ದೆ.

1951ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಭಾರತಕ್ಕೆ ಬಂದರು. ಬರೋಡಾದಲ್ಲಿ, ಆಮೇಲೆ 1959ರಿಂದ ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದರು. 1952ರ ಬೇಸಿಗೆಯಲ್ಲಿ ಮತ್ತೆ ರಾಂಪುರಕ್ಕೆ ಹೋಗಿಬಂದರು. ಆದರೆ ರಾಂಪುರದ ದೊಡ್ಡ ಪುಸ್ತಕ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಪಾಠ, ಮೀಟಿಂಗ್, ನೇಮಕಾತಿ. ಬಿಡುವಾದಾಗ ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸಿ ಟೈಪ್ ಮಾಡಿಸಿ ಇಡುತ್ತಿದ್ದರು. ಹೀಗೆ ಹದಿನೆಂಟು ವರ್ಷ.

ಕೊನೆಗೆ 1970ರಲ್ಲಿ ಬಿಡುವು ಸಿಕ್ಕಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ವಾಂಸರಿಗೆಂದೇ ಇರುವ ಕೇಂದ್ರವೊಂದು ಅವರನ್ನು ಕರೆಯಿತು. ಪಾಠವಿಲ್ಲ, ಮೀಟಿಂಗ್ ಇಲ್ಲ, ಕೂತು ಬರೆಯುವುದಷ್ಟೇ ಕೆಲಸ. ವಿಂಗಡಿಸಿದ ಟಿಪ್ಪಣಿಗಳನ್ನೆಲ್ಲ ಜೊತೆಗೆ ಒಯ್ದರು. ಮೂರು ಪ್ರತಿಗಳಿದ್ದವು. ಮೂರೂ ಅಲ್ಲಿನ ಅವರ ಕೋಣೆಯಲ್ಲೇ ಇದ್ದವು.

ಅದು ವಿಯೆಟ್ನಾಂ ಯುದ್ಧದ ಕಾಲ. ಅಮೆರಿಕದ ಕಾಲೇಜುಗಳಲ್ಲಿ ಗಲಾಟೆ, ಪ್ರತಿಭಟನೆ. ಏಪ್ರಿಲ್ 24ರ ಬೆಳಗಿನ ಜಾವ ಆ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. ಮರದ ಹಲಗೆಯ ಕೋಣೆಗಳು. ಶ್ರೀನಿವಾಸ್ ಅವರ ಕೋಣೆ, ಅದರ ಪಕ್ಕದ್ದು ಸುಟ್ಟು ಬೂದಿಯಾದವು, ಕಬ್ಬಿಣದ ಕೊಳವೆಗಳಷ್ಟೇ ನಿಂತಿದ್ದವು. ಆ ಯುದ್ಧಕ್ಕೂ ರಾಂಪುರದ ರಾಗಿ ಹೊಲಕ್ಕೂ ಏನು ಸಂಬಂಧ? ಸಿಟ್ಟು ಯಾರ ಮೇಲೋ, ಸುಟ್ಟದ್ದು ಯಾರದೋ.

ಹೋದ ಮಳೆಗಾಲದಲ್ಲಿ ನನ್ನ ಪ್ರಾಜೆಕ್ಟ್ ಪುಸ್ತಕ ಬ್ಯಾಗಿನಲ್ಲೇ ನೆನೆದು ಶಾಯಿಯೆಲ್ಲ ಹರಡಿಹೋಯಿತು. ಎರಡು ವಾರದ ಕೆಲಸ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಅಬ್ಬಾ ಅಂಗಡಿ ನಡೆಸುವವರು, ಅವರ ಪ್ರಕಾರ ತಪ್ಪು ಮಳೆಯದ್ದಲ್ಲ, ಲೆಕ್ಕದ ಪುಸ್ತಕ ಎರಡಿದ್ದರೆ ಎರಡು ಕಡೆ ಇಡಬೇಕು. ಮೂರು ಪ್ರತಿಯನ್ನೂ ಒಂದೇ ಕೋಣೆಯಲ್ಲಿ ಇಟ್ಟವರ ಕಥೆ ಹೇಳಿದಾಗ ಅಬ್ಬಾ ಮಾತ್ರ ಬೈಯಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅರ್ಧ ಸುಟ್ಟ ಕೆಲವು ಹಾಳೆಗಳನ್ನು ಅಲ್ಲಿನವರು ಜೋಪಾನವಾಗಿ ಎತ್ತಿ ಉಳಿಸಲು ನೋಡಿದರು. ಆಗ ಅದೇ ಕೇಂದ್ರದಲ್ಲಿದ್ದ ಸೋಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು ಒಂದು ದಾರಿ ಸೂಚಿಸಿದರು. ಟಿಪ್ಪಣಿ ಹೋದರೆ ಹೋಗಲಿ, ಇಷ್ಟು ವರ್ಷದ ಮೇಲೂ ಮನಸ್ಸಿನಲ್ಲಿ ಉಳಿದಿರುವ ರಾಂಪುರವನ್ನೇ ಬರೆಯಿರಿ ಎಂಬುದು ಅವರ ಸಲಹೆ. ಶ್ರೀನಿವಾಸ್ ಬರೆಯಲು ಕೂತರು. ಅಂಕಿ ಅಂಶ ಇಲ್ಲದ ಕಡೆ ಮನುಷ್ಯರು ಬಂದರು. ಪಟೇಲರು, ಅವರ ಎದುರಾಳಿಗಳು, ಸುದ್ದಿ ಹೇಳುವವರು, ಚೌಕಾಸಿ ಮಾಡುವವರು, ಸಿಟ್ಟಿನವರು, ನಗಿಸುವವರು. 1976ರಲ್ಲಿ ಹೊರಬಂದ ದಿ ರಿಮೆಂಬರ್ಡ್ ವಿಲೇಜ್ ಅವರ ಪುಸ್ತಕಗಳಲ್ಲೆಲ್ಲ ಹೆಚ್ಚು ಜನ ಓದಿದ್ದು. ನಾನು ಡಿಕ್ಷನರಿ ಪಕ್ಕ ಇಟ್ಟುಕೊಂಡು ಅದರ ಮೊದಲ ಅಧ್ಯಾಯಗಳನ್ನು ಓದಿದೆ. ಥಿಯರಿ ಇರುವ ಪುಟಗಳು ಅರ್ಥವಾಗಲಿಲ್ಲ. ಎತ್ತಿನ ಮನೆ ಚೆನ್ನಾಗಿ ಅರ್ಥವಾಯಿತು.

ಬೆಂಕಿ ಬೀಳದಿದ್ದರೆ ಇನ್ನೂ ಒಳ್ಳೆಯ ಪುಸ್ತಕ ಬರುತ್ತಿತ್ತೇ, ಅಥವಾ ಒಣ ಪುಸ್ತಕ ಬರುತ್ತಿತ್ತೇ ಎಂದು ನಾನೂ ಗೆಳೆಯನೂ ಬಸ್ಸಿನಲ್ಲಿ ಜಗಳವಾಡಿದ್ದೇವೆ. ಅವನದು ಎರಡನೆಯ ಪಕ್ಷ. ನನಗೆ ಇನ್ನೂ ಆ ಮೂರು ಪ್ರತಿಗಳದ್ದೇ ಚಿಂತೆ.

1972ರಲ್ಲಿ ಬೆಂಗಳೂರಿಗೆ ಬಂದು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1977ರಲ್ಲಿ ಪದ್ಮಭೂಷಣ ಬಂತು. ಕೊನೆಯವರೆಗೂ ಬರೆಯುತ್ತಲೇ ಇದ್ದರು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಮತ್ತೆ ಮತ್ತೆ ಬರೆದ ಆ ಹಳ್ಳಿಗೆ ನಮ್ಮೂರಿನಿಂದ ಹೆಚ್ಚು ದೂರವಿಲ್ಲ. ಪರೀಕ್ಷೆ ಮುಗಿದ ಮೇಲೆ ಹೋಗಿಬರೋಣ ಎಂದು ಗೆಳೆಯ ಹೇಳಿದ್ದಾನೆ, ಬನ್ನೂರಿಗೆ ಯಾವ ಬಸ್ಸು ಎಂದು ವಿಚಾರಿಸುತ್ತಿದ್ದೇವೆ.