ಮಗುವಿನ ಮಾತಿನಲ್ಲೇ ಓದು ಕಲಿಸಿದ ಸಂತ ಲಾ ಸಾಲ್

ಏಪ್ರಿಲ್ 7 ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರ ಸ್ಮರಣೆಯ ದಿನ. ನಮ್ಮಲ್ಲಿ ಅದು ಪರೀಕ್ಷೆಗಳ ಹಾಗೂ ಫಲಿತಾಂಶದ ನಿರೀಕ್ಷೆಯ ಕಾಲವೂ ಹೌದು. 2025ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಶೇ. 42.43ರಷ್ಟು ತೇರ್ಗಡೆಯೊಡನೆ ಕಲಬುರಗಿ ಜಿಲ್ಲೆಯು ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ನಗರದ ಮನೆಗಳಿಗೆ ಹೋದರೂ ಕಮಲಾಪುರದ ಕಡೆಗೆ ಹೋದರೂ ತಂದೆತಾಯಿಗಳಿಂದ ನಾವು ಕೇಳುವ ಪ್ರಶ್ನೆ ಒಂದೇ. ಹತ್ತು ವರ್ಷ ಶಾಲೆಗೆ ಹೋದ ಮಗುವಿಗೆ ಸರಾಗವಾಗಿ ಓದಲು ಬಾರದಿರುವುದು ಹತ್ತನೆಯ ವರ್ಷದವರೆಗೆ ಯಾರ ಕಣ್ಣಿಗೂ ಬೀಳಲಿಲ್ಲವೇಕೆ? ಮುನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಇಂತಹುದೇ ಪ್ರಶ್ನೆಯನ್ನು ಎದುರಿಸಿದವರು ಈ ಸಂತರು.

ಅವರು ಹುಟ್ಟಿದ್ದು 1651ರ ಏಪ್ರಿಲ್ 30ರಂದು, ರಾನ್ಸ್ ನಗರದ ಸಿರಿವಂತ ಕುಟುಂಬದಲ್ಲಿ. ತಂದೆ ಲೂಯಿ ನ್ಯಾಯಾಲಯದಲ್ಲಿ ಉನ್ನತ ಪದವಿಯಲ್ಲಿದ್ದವರು. ಹನ್ನೊಂದು ಮಕ್ಕಳಲ್ಲಿ ಇವರೇ ಹಿರಿಯರು. ಹದಿನೈದನೆಯ ವಯಸ್ಸಿಗೇ ರಾನ್ಸ್ ಪ್ರಧಾನಾಲಯದ ಕ್ಯಾನನ್ ಪದವಿ ದೊರೆಯಿತು. ಅದರೊಡನೆ ಬದುಕಿಡೀ ಸಾಲುವಷ್ಟು ವರಮಾನವೂ ಬಂದಿತು. ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ಗುರುಮಠದಲ್ಲಿ ಓದುತ್ತಿದ್ದಾಗ ತಾಯಿ 1671ರಲ್ಲಿಯೂ ತಂದೆ 1672ರಲ್ಲಿಯೂ ತೀರಿಕೊಂಡರು. ಇಪ್ಪತ್ತೊಂದರ ತರುಣ ಊರಿಗೆ ಮರಳಿ ತಮ್ಮತಂಗಿಯರ ಹೊಣೆ ಹೊತ್ತರು. 1678ರಲ್ಲಿ ಗುರುದೀಕ್ಷೆ ಪಡೆದರು. ಬಳಿಕ ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು.

ಇಲ್ಲಿ ಒಂದು ಮಾತು. ಲಾ ಸಾಲ್ ಹುಟ್ಟುವ ಹಿಂದಿನ ವರ್ಷವಷ್ಟೇ ಅದೇ ದೇಶದ ತತ್ವಜ್ಞಾನಿ ಡೆಕಾರ್ಟ್ ತೀರಿಕೊಂಡಿದ್ದರು. ಮನುಷ್ಯನಿಗೆ ಅರಿವು ನಿಶ್ಚಿತವಾಗುವುದು ಹೇಗೆಂಬ ಡೆಕಾರ್ಟರ ವಿಚಾರವನ್ನು ನಾವು ಗುರುಮಠದಲ್ಲಿ ತಿಂಗಳುಗಟ್ಟಲೆ ಓದಿದೆವು. ಬಡಗಿಯ ಮಗನೊಬ್ಬನಿಗೆ ಅಕ್ಷರ ಹತ್ತುವುದು ಹೇಗೆಂದು ನಲವತ್ತು ವರ್ಷ ಚಿಂತಿಸಿದ ಈ ಗುರುವಿನ ಹೆಸರು ಆ ಪಾಠಗಳಲ್ಲಿ ಎಲ್ಲಿಯೂ ಬರಲಿಲ್ಲ.

1679ರಲ್ಲಿ, ರಾನ್ಸ್ ನಗರದ ಕನ್ಯಾಮಠವೊಂದರ ಬಾಗಿಲಲ್ಲಿ, ಬಡ ಹುಡುಗರಿಗೆ ಶಾಲೆ ತೆರೆಯಲು ರೂಆಂ ನಗರದಿಂದ ಬಂದಿದ್ದ ಆದ್ರಿಯಾಂ ನಿಯೆಲ್ ಎಂಬವರ ಭೇಟಿಯಾಯಿತು. ಲಾ ಸಾಲ್ ಸ್ವಲ್ಪ ನೆರವಾಗಿ ಸುಮ್ಮನಾಗಬಹುದೆಂದುಕೊಂಡಿದ್ದರು. ಆದರೆ ಶಾಲೆಗಳು ತೆರೆದವು, ಕಲಿಸುವವರು ಸರಿಯಿರಲಿಲ್ಲ. ಅಂದಿನ ಉಪಾಧ್ಯಾಯರೆಂದರೆ ಬೇರೆ ಕೆಲಸ ಸಿಗದೆ ಬಂದವರು. ತರಬೇತಿಯೆಂಬ ಮಾತೇ ಇರಲಿಲ್ಲ. ಲಾ ಸಾಲ್ ಅವರನ್ನು ಮೊದಲು ಊಟಕ್ಕೆ ಕರೆದರು, 1681ರಲ್ಲಿ ಮನೆಯಲ್ಲೇ ಇರಿಸಿಕೊಂಡರು. ಬಂಧುಗಳು ಸಿಡಿದೆದ್ದು, ತಮ್ಮಂದಿರನ್ನು ಆ ಮನೆಯಿಂದ ಬಿಡಿಸಿಕೊಂಡು ಹೋದರು. ನಾಳೆಯ ಚಿಂತೆ ಬೇಡವೆಂದು ಇವರು ಬೋಧಿಸಿದಾಗ, ವರಮಾನವುಳ್ಳವರಿಗೆ ಹಾಗೆನ್ನುವುದು ಸುಲಭವೆಂದು ಆ ಬಡ ಉಪಾಧ್ಯಾಯರು ಮುಖಕ್ಕೆ ಹೇಳಿದರು. ಅದು ನಾಟಿತು. 1683ರಲ್ಲಿ ಕ್ಯಾನನ್ ಪದವಿಯನ್ನು ತ್ಯಜಿಸಿದರು. ಬಳಿಕ ಬಂದ ಬರಗಾಲದಲ್ಲಿ ತಮ್ಮ ಆಸ್ತಿಯನ್ನೆಲ್ಲ ಹಸಿದವರಿಗೆ ರೊಟ್ಟಿಯಾಗಿ ಹಂಚಿದರು. ಹೀಗೆ ಹುಟ್ಟಿದ್ದೇ ಕ್ರೈಸ್ತ ಶಾಲೆಗಳ ಸಹೋದರರ ಸಂಸ್ಥೆ. ಹಳ್ಳಿಗಳಿಗೆ ಉಪಾಧ್ಯಾಯರನ್ನು ಸಿದ್ಧಪಡಿಸುವ ಶಾಲೆಯನ್ನೂ ಅದೇ ದಶಕದಲ್ಲಿ ರಾನ್ಸ್‌ನಲ್ಲಿ ತೆರೆದರು.

ಅವರ ಕೆಲಸದ ಮುಖ್ಯ ಭಾಗ ಇನ್ನು ಮುಂದಿನದು. ಆ ಕಾಲದಲ್ಲಿ ಮಗು ಮೊದಲು ಲ್ಯಾಟಿನ್ ಓದಲು ಕಲಿಯಬೇಕಾಗಿತ್ತು. ಮನೆಯಲ್ಲಿ ಆಡದ, ಅರ್ಥವಾಗದ ಭಾಷೆಯ ಪದಗಳನ್ನು ಕೂಡಿಸಿ ಕೂಡಿಸಿ ಬಡವರ ಮಕ್ಕಳು ಎರಡು ವರ್ಷ ಕಳೆಯುವರು. ಅಷ್ಟರಲ್ಲಿ ಕೂಲಿಗೆ ಕರೆ ಬರುವುದು. ಲ್ಯಾಟಿನ್ನೂ ಇಲ್ಲ, ಫ್ರೆಂಚೂ ಇಲ್ಲ. ಲಾ ಸಾಲ್ ಈ ಕ್ರಮವನ್ನು ತಿರುಗಿಸಿದರು. ಮೊದಲು ಫ್ರೆಂಚ್, ಅದು ಕೈಗೂಡಿದ ಮೇಲೆ ಲ್ಯಾಟಿನ್ ಕೀರ್ತನೆಗಳು. ಧರ್ಮಾಧ್ಯಕ್ಷರೊಬ್ಬರು ಹಳೆಯ ಕ್ರಮವೇ ಲೇಸೆಂದಾಗ ತಮ್ಮ ಕಾರಣಗಳನ್ನು ಒಂದೊಂದಾಗಿ ಬರೆದು ಒಪ್ಪಿಸಿದರು. ಕಲಬುರಗಿಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡದ ಮನೆಗಳಿಂದ ಬಂದು ಉರ್ದು ಮಾಧ್ಯಮದಲ್ಲಿ ಓದಿದವರು ನಮ್ಮಲ್ಲಿ ಎಷ್ಟೋ ಮಂದಿ. ಇಂದು ಆ ಸ್ಥಾನದಲ್ಲಿ ಇಂಗ್ಲಿಷ್ ಇದೆ. ವ್ಯತ್ಯಾಸವೆಂದರೆ ಇಂದು ಹಣ ಕೊಟ್ಟು ಸೇರಿಸುವವರು ನಾವೇ.

ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಠ ಒಪ್ಪಿಸಿಕೊಳ್ಳುವ ರೂಢಿಯನ್ನು ಬಿಟ್ಟು, ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಒಟ್ಟಿಗೆ ಕಲಿಸುವುದನ್ನು ಅವರು ತಮ್ಮ ಶಾಲೆಗಳಲ್ಲಿ ನೆಲೆಗೊಳಿಸಿದರು. ಅಕ್ಷರಪಟ, ಕಾಗುಣಿತದಂತಹ ಪಟ, ಆಮೇಲೆ ಪುಸ್ತಕ. ಪ್ರತಿಯೊಂದು ಹಂತದಲ್ಲಿಯೂ ತೊಡಗುವವರು, ನಡುವಿನವರು, ಮುಂದುವರಿದವರು ಎಂಬ ಮೂರು ಪಂಗಡ. ಪ್ರತಿ ತಿಂಗಳ ಕೊನೆಗೆ ಪರೀಕ್ಷೆ. ಪರೀಕ್ಷಿಸುವವರು ತರಗತಿಯ ಉಪಾಧ್ಯಾಯರಲ್ಲ, ಶಾಲೆಯ ಮೇಲ್ವಿಚಾರಕರು. ಬಂದ ಮಗು ಮೇಲಿನ ಪಾಠಕ್ಕೆ ಹೋಗುವುದು, ಬಾರದ ಮಗು ಅಲ್ಲಿಯೇ ಇನ್ನೊಂದು ತಿಂಗಳು ಕಲಿಯುವುದು. ವರ್ಷ ಕಳೆದ ಮಾತ್ರಕ್ಕೆ ಬಡ್ತಿಯಿಲ್ಲ. ಒಂದು ದಿನದ ಪರೀಕ್ಷೆಯಿಂದ ಬಾಳೆಲ್ಲ ಕೆಡುವ ಭಯವೂ ಇಲ್ಲ. ವರ್ಷದ ಕೊನೆಗೆ ಉಪಾಧ್ಯಾಯರು ಪ್ರತಿಯೊಂದು ಮಗುವಿನ ವಯಸ್ಸು, ಓದಿನ ಮಟ್ಟ, ಸ್ವಭಾವ, ಬುದ್ಧಿ, ಹಾಜರಿ ಇವೆಲ್ಲವನ್ನೂ ಒಂದು ದಫ್ತರದಲ್ಲಿ ಬರೆಯುವರು. ಮುಂದಿನ ವರ್ಷದ ಉಪಾಧ್ಯಾಯರಿಗೆ ಅದು ಸಿಗುವುದು. ಅಂಕಪಟ್ಟಿಯಲ್ಲಿ ಕಾಣದ ಮಗು ಅಲ್ಲಿ ಕಾಣುತ್ತಿತ್ತು.

ಗೈರುಹಾಜರಿಯ ವಿಚಾರಕ್ಕೆ ಒಂದು ಅಧ್ಯಾಯವೇ ಇದೆ. ಬಾರದ ಹುಡುಗನ ಮನೆಗೆ ಹೋಗಿ ವಿಚಾರಿಸಲು ವಿದ್ಯಾರ್ಥಿಗಳಲ್ಲೇ ಕೆಲವರನ್ನು ನೇಮಿಸುತ್ತಿದ್ದರು. ಕಾರಣಗಳನ್ನು ಹುಡುಕುವಾಗ ಹುಡುಗನ ಚಂಚಲತೆ, ತಂದೆಯ ಬಡತನಗಳ ಜೊತೆಗೆ ಉಪಾಧ್ಯಾಯನ ಕಾಠಿಣ್ಯವನ್ನೂ ಲೆಕ್ಕಕ್ಕೆ ಹಿಡಿದರು. ತೊಗರಿ ಕೊಯ್ಲಿನ ದಿನಗಳಲ್ಲಿ ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳು ಹೊಲದಲ್ಲಿರುವುದನ್ನು ಕಂಡಾಗಲೆಲ್ಲ ನಮಗೆ ಈ ಅಧ್ಯಾಯ ನೆನಪಾಗುತ್ತದೆ. ಅವರ ಶಾಲೆಗಳಲ್ಲಿ ಬೆತ್ತವಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಕೋಪದಲ್ಲಿ ಹೊಡೆಯಕೂಡದು, ವಿರಳವಾಗಿರಬೇಕು ಎಂಬ ಕಟ್ಟುಗಳನ್ನು ಹಾಕಿದರೇ ಹೊರತು ಬೆತ್ತವನ್ನು ಬಿಡಲಿಲ್ಲ. ಆ ವಿಚಾರದಲ್ಲಿ ಅವರು ತಮ್ಮ ಕಾಲದವರೇ.

ಇದೆಲ್ಲ ಒಬ್ಬರ ತಲೆಯಿಂದ ಬಂದುದಲ್ಲ. ಅನುಭವಿ ಸಹೋದರರು ಸೇರಿ, ಶಾಲೆಯಲ್ಲಿ ಮಾಡಿ ನೋಡಿ, ಚರ್ಚಿಸಿ, ಫಲಿಸದ್ದನ್ನು ಕೈಬಿಟ್ಟು ಉಳಿದುದನ್ನು ಬರೆದರು. ಶಾಲಾನಿರ್ವಹಣೆಯ ಆ ಗ್ರಂಥ 1706ರ ವೇಳೆಗೆ ಹಸ್ತಪ್ರತಿಯಾಗಿ ಸಿದ್ಧವಾಗಿತ್ತು.

ಪ್ಯಾರಿಸ್ಸಿನಲ್ಲಿ, ಶುಲ್ಕ ಪಡೆದು ಬರವಣಿಗೆ ಕಲಿಸುತ್ತಿದ್ದವರ ಸಂಘ ಉಚಿತ ಶಾಲೆಗಳ ಮೇಲೆ ವ್ಯಾಜ್ಯ ಹೂಡಿತು. ತೀರ್ಪುಗಳು ಲಾ ಸಾಲ್ ಅವರಿಗೆ ವಿರುದ್ಧವಾದವು. ಶಾಲೆಯ ಸಾಮಾನುಗಳನ್ನೂ ಹೊತ್ತೊಯ್ದರು. ಚರ್ಚಿನ ಹಿರಿಯರಲ್ಲಿಯೂ ಕೆಲವರು ಕೈಬಿಟ್ಟರು. ಮನನೊಂದು ದಕ್ಷಿಣ ಫ್ರಾನ್ಸಿಗೆ ಹೋದ ಅವರು, ತಾವೇ ಸಂಸ್ಥೆಗೆ ಅಡ್ಡಿಯೇನೋ ಎಂದು ಶಂಕಿಸಿದರು. ಗ್ರೆನೋಬಲ್‌ನಲ್ಲಿ ಇದ್ದಾಗ, ಸಹೋದರರೊಬ್ಬರು ಇಲ್ಲದ ವೇಳೆ, ದೈವಶಾಸ್ತ್ರದ ಈ ಡಾಕ್ಟರು ತಾವೇ ತರಗತಿಗೆ ಹೋಗಿ ಚಿಕ್ಕ ಹುಡುಗರಿಗೆ ಪಾಠ ಹೇಳಿದರು. 1714ರಲ್ಲಿ ಪ್ಯಾರಿಸ್ಸಿನ ಸಹೋದರರು, ಅವರಿಗೆ ವಿಧೇಯತೆಯ ಮಾತುಕೊಟ್ಟಿದ್ದವರೇ, ವಿಧೇಯತೆಯ ಹೆಸರಿನಲ್ಲಿ ಹಿಂದಿರುಗಬೇಕೆಂದು ಆಜ್ಞಾಪಿಸಿ ಪತ್ರ ಬರೆದರು. ಅವರು ಹಿಂದಿರುಗಿದರು. 1717ರಲ್ಲಿ ಅಧಿಕಾರವನ್ನು ಬಾರ್ತೆಲೆಮಿ ಎಂಬ ಸಹೋದರರಿಗೆ ಬಿಟ್ಟುಕೊಟ್ಟು, 1719ರ ಏಪ್ರಿಲ್ 7ರ ಶುಭ ಶುಕ್ರವಾರದಂದು ರೂಆಂ ನಗರದ ಸೇಂಟ್ ಯೋನ್ ಮನೆಯಲ್ಲಿ ಕಣ್ಣುಮುಚ್ಚಿದರು.

ಹಸ್ತಪ್ರತಿಯಲ್ಲಿದ್ದ ಶಾಲಾನಿರ್ವಹಣೆಯ ಗ್ರಂಥ ಮರುವರ್ಷ ಅವಿನ್ಯೋನ್‌ನಲ್ಲಿ ಅಚ್ಚಾಯಿತು. 1900ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಅವರನ್ನು ಸಂತ ಪದವಿಗೇರಿಸಿದರು. 1950ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅವರನ್ನು ಉಪಾಧ್ಯಾಯರೆಲ್ಲರ ಪಾಲಕ ಸಂತರೆಂದು ಘೋಷಿಸಿದರು.