ರಾಜೇಶ್ವರಿ ಚಟರ್ಜಿ

ರಾಜೇಶ್ವರಿ ಚಟರ್ಜಿ (೨೪ ಜನವರಿ ೧೯೨೨ – ೩ ಸೆಪ್ಟೆಂಬರ್ ೨೦೧೦) ಇವರು ಭಾರತದ ವಿಜ್ಞಾನಿ, ಎಂಜಿನಿಯರ್ ಹಾಗೂ ಪ್ರಾಧ್ಯಾಪಕಿ. ಇವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಗುರುತಿಸಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗದಲ್ಲಿ ಸುಮಾರು ಮೂರು ದಶಕಗಳ ಕಾಲ ಬೋಧಿಸಿದರು ಮತ್ತು ಮುಂದೆ ಅದೇ ವಿಭಾಗದ ಮುಖ್ಯಸ್ಥರಾದರು. ಭಾರತದಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಹಾಗೂ ಆಂಟೆನಾ ಕುರಿತ ಸಂಶೋಧನೆಗೆ ಅಡಿಪಾಯ ಹಾಕಿದವರಲ್ಲಿ ಇವರೂ ಒಬ್ಬರು.

ಆರಂಭಿಕ ಜೀವನ

ರಾಜೇಶ್ವರಿಯವರು ಅಂದಿನ ಮೈಸೂರು ಸಂಸ್ಥಾನದಲ್ಲಿ ಜನಿಸಿದರು. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ, ಅದರಲ್ಲಿಯೂ ವಿಧವೆಯರು ಮತ್ತು ಗಂಡನಿಂದ ಪರಿತ್ಯಕ್ತರಾದ ಮಹಿಳೆಯರ ಶಿಕ್ಷಣಕ್ಕಾಗಿ ಅವರು ದುಡಿದರು. ರಾಜೇಶ್ವರಿಯವರ ಪ್ರಾಥಮಿಕ ಶಿಕ್ಷಣ ಅಜ್ಜಿಯೇ ಸ್ಥಾಪಿಸಿದ್ದ ಶಾಲೆಯಲ್ಲಿ ನಡೆಯಿತು. ಹುಡುಗಿಯರನ್ನು ಬೇಗನೆ ಶಾಲೆಯಿಂದ ಬಿಡಿಸುತ್ತಿದ್ದ ಆ ಕಾಲದಲ್ಲಿ, ಓದು ಮುಂದುವರಿಸಲು ಇವರಿಗೆ ಮನೆಯಿಂದಲೇ ಬೆಂಬಲ ದೊರೆಯಿತು.

ಶಾಲಾ ಶಿಕ್ಷಣ ಮುಗಿದಾಗ ಇವರಿಗೆ ಇತಿಹಾಸದಲ್ಲಿ ಆಸಕ್ತಿಯಿದ್ದರೂ, ಅಂತಿಮವಾಗಿ ಭೌತಶಾಸ್ತ್ರ ಮತ್ತು ಗಣಿತವನ್ನು ಆಯ್ದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. (ಆನರ್ಸ್) ಮತ್ತು ಎಂ.ಎಸ್ಸಿ. ಪದವಿಗಳನ್ನು ಪಡೆದರು. ಎರಡು ಪರೀಕ್ಷೆಗಳಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಸ್ಥಾನ ಗಳಿಸಿದರು. ಎಂ.ಎಸ್ಸಿ.ಯಲ್ಲಿನ ಸಾಧನೆಗಾಗಿ ಎಂ. ಟಿ. ನಾರಾಯಣ ಅಯ್ಯಂಗಾರ್ ಬಹುಮಾನ ಮತ್ತು ವಾಲ್ಟರ್ಸ್ ಸ್ಮಾರಕ ಬಹುಮಾನಗಳು ಇವರಿಗೆ ಸಂದವು.

ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರವೇಶ

೧೯೪೩ರಲ್ಲಿ ರಾಜೇಶ್ವರಿಯವರು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಈ ಸಂಸ್ಥೆಗೆ ಪ್ರವೇಶ ಪಡೆಯುವುದು ಮಹಿಳೆಯರಿಗೆ ಸುಲಭವಾಗಿರಲಿಲ್ಲ. ೧೯೩೩ರಲ್ಲಿ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರು ಅರ್ಜಿ ಸಲ್ಲಿಸಿದಾಗ, ಹೆಣ್ಣೆಂಬ ಕಾರಣಕ್ಕೆ ಅಂದಿನ ನಿರ್ದೇಶಕ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದ್ದರು. ಕಮಲಾ ಅವರು ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾರ್ಥ ಅವಧಿಗೆ ಅವಕಾಶ ದೊರೆಯಿತು. ಅವರ ಕೆಲಸ ತೃಪ್ತಿಕರವೆಂದು ಕಂಡುಬಂದ ನಂತರ ಇತರ ಮಹಿಳೆಯರಿಗೂ ಪ್ರವೇಶ ಸಾಧ್ಯವಾಯಿತು. ಜೀವರಸಾಯನ ಮತ್ತು ಭೌತಶಾಸ್ತ್ರಗಳಲ್ಲಿ ಹೀಗೆ ಕೆಲವು ಮಹಿಳೆಯರು ಸಂಶೋಧನೆ ನಡೆಸಿದ್ದರೂ, ಎಂಜಿನಿಯರಿಂಗ್ ವಿಭಾಗಗಳು ಬಹುತೇಕ ಗಂಡಸರದೇ ಆಗಿದ್ದವು. ರಾಜೇಶ್ವರಿಯವರು ಗಣಿತದಿಂದ ಎಂಜಿನಿಯರಿಂಗ್‌ಗೆ ಬಂದದ್ದು ಇಂಥ ಸನ್ನಿವೇಶದಲ್ಲಿ.

ವಿದೇಶದಲ್ಲಿ ವ್ಯಾಸಂಗ

ಎರಡನೆಯ ಮಹಾಯುದ್ಧದ ನಂತರ ಭಾರತ ಸರ್ಕಾರವು ಪ್ರತಿಭಾವಂತ ಯುವಜನರನ್ನು ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ಕಳುಹಿಸುವ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಎಲೆಕ್ಟ್ರಾನಿಕ್ಸ್ ಕ್ಷೇತ್ರಕ್ಕೆ ಅರ್ಜಿ ಸಲ್ಲಿಸಿದ್ದ ರಾಜೇಶ್ವರಿಯವರು ೧೯೪೬ರಲ್ಲಿ ಆಯ್ಕೆಯಾದರು. ೧೯೪೭ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅವಿವಾಹಿತೆಯಾಗಿದ್ದಾಗಲೇ ಹಡಗು ಹತ್ತಿ ಅಮೆರಿಕಕ್ಕೆ ತೆರಳಿ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಸ್ನಾತಕೋತ್ತರ ಪದವಿ ಪಡೆದ ನಂತರ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೋ ಆವರ್ತನ ಮಾಪನದ ಬಗ್ಗೆ ಎಂಟು ತಿಂಗಳ ಪ್ರಾಯೋಗಿಕ ತರಬೇತಿ ಪಡೆದರು.

೧೯೪೯ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಮಿಷಿಗನ್‌ಗೆ ಮರಳಿದರು. ಏಷ್ಯಾದ ಮಹಿಳೆಯರಿಗೆಂದೇ ಮೀಸಲಾಗಿದ್ದ ಈ ವಿದ್ಯಾರ್ಥಿವೇತನವನ್ನು ತಲಶ್ಶೇರಿಯ ಸಸ್ಯವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರೂ ಹಿಂದೆ ಪಡೆದಿದ್ದರು. ಪ್ರೊ. ವಿಲಿಯಂ ಗೋಲ್ಡ್ ಡೋ ಅವರ ಮಾರ್ಗದರ್ಶನದಲ್ಲಿ ರಾಜೇಶ್ವರಿಯವರು ೧೯೫೩ರ ಆರಂಭದಲ್ಲಿ ಪಿಎಚ್.ಡಿ. ಪದವಿ ಗಳಿಸಿದರು.

ವೃತ್ತಿಜೀವನ ಮತ್ತು ಸಂಶೋಧನೆ

೧೯೫೩ರಲ್ಲಿ ಸ್ವದೇಶಕ್ಕೆ ಮರಳಿದ ಇವರು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಸೇರಿ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದರು. ರಾಜೇಶ್ವರಿಯವರು ವಿದ್ಯುತ್ಕಾಂತೀಯ ಸಿದ್ಧಾಂತ, ಎಲೆಕ್ಟ್ರಾನ್ ಕೊಳವೆ ಮಂಡಲಗಳು ಹಾಗೂ ಮೈಕ್ರೋವೇವ್ ತಂತ್ರಜ್ಞಾನವನ್ನು ಬೋಧಿಸಿದರು.

ಮೈಕ್ರೋವೇವ್‌ಗಳು ಅತ್ಯಂತ ಕಿರಿದಾದ ತರಂಗಾಂತರವುಳ್ಳ ರೇಡಿಯೋ ಅಲೆಗಳು. ರಾಡಾರ್, ದೂರಸಂಪರ್ಕ ಮತ್ತು ಉಪಗ್ರಹ ಸಂವಹನಕ್ಕೆ ಇವೇ ಆಧಾರ. ಸಾಮಾನ್ಯ ತಂತಿಗಳಲ್ಲಿ ಇವುಗಳ ಶಕ್ತಿ ಬಹಳಷ್ಟು ಸೋರಿಹೋಗುವುದರಿಂದ ಇವನ್ನು ಲೋಹದ ಟೊಳ್ಳು ಕೊಳವೆಗಳ ಮೂಲಕ ಅಥವಾ ವಿಶೇಷ ಮೇಲ್ಮೈಗಳ ಗುಂಟ ಸಾಗಿಸಬೇಕಾಗುತ್ತದೆ. ಅಲೆಯು ಹೀಗೆ ಸಾಗುವ ಬಗೆಯನ್ನೂ, ಆಂಟೆನಾದಿಂದ ಹೊರಸೂಸುವ ಬಗೆಯನ್ನೂ ಗಣಿತದ ಮೂಲಕ ಮೊದಲೇ ಲೆಕ್ಕಹಾಕುವುದು ಈ ಕ್ಷೇತ್ರದ ಮುಖ್ಯ ಸಮಸ್ಯೆ. ರಾಜೇಶ್ವರಿಯವರ ಗಣಿತದ ಹಿನ್ನೆಲೆ ಇಲ್ಲಿ ನೆರವಾಯಿತು. ಅವಾಹಕ ವಸ್ತುಗಳಿಂದ ರಚಿಸಿದ ಆಂಟೆನಾಗಳು ಹಾಗೂ ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳಿಗೆ ಬೇಕಾದ ವಿಶೇಷ ಆಂಟೆನಾಗಳು ಇವರ ಅಧ್ಯಯನದ ವಿಷಯಗಳಾಗಿದ್ದವು.

ಇವರು ೧೦೦ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು ಮತ್ತು ೨೦ ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಿದರು. ೧೯೮೨ರಲ್ಲಿ ಸೇವೆಯಿಂದ ನಿವೃತ್ತರಾದರು.

ಪುಸ್ತಕಗಳು ಮತ್ತು ಪ್ರಶಸ್ತಿಗಳು

‘ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಎಂಜಿನಿಯರಿಂಗ್’, ‘ಆಂಟೆನಾ ಥಿಯರಿ ಅಂಡ್ ಪ್ರಾಕ್ಟಿಸ್’ ಮತ್ತು ‘ಡೈಎಲೆಕ್ಟ್ರಿಕ್ ಅಂಡ್ ಡೈಎಲೆಕ್ಟ್ರಿಕ್ ಲೋಡೆಡ್ ಆಂಟೆನಾಸ್’ ಇವರ ಪ್ರಮುಖ ಇಂಗ್ಲಿಷ್ ಗ್ರಂಥಗಳು. ‘ಎ ಥೌಸಂಡ್ ಸ್ಟ್ರೀಮ್ಸ್’ ಇವರ ವೈಯಕ್ತಿಕ ಚರಿತ್ರೆ. ಬ್ರಿಟನ್ನಿನ ಮೌಂಟ್‌ಬ್ಯಾಟನ್ ಬಹುಮಾನ, ಭಾರತದ ಎಂಜಿನಿಯರುಗಳ ಸಂಸ್ಥೆಯ ಜೆ. ಸಿ. ಬೋಸ್ ಸ್ಮಾರಕ ಬಹುಮಾನ ಮತ್ತು ರಾಮ್‌ಲಾಲ್ ವಾಧ್ವಾ ಪ್ರಶಸ್ತಿ ಇವರಿಗೆ ಲಭಿಸಿದವು. ಮರಣಾನಂತರ, ೨೦೧೭ರಲ್ಲಿ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ತಮ್ಮ ಕ್ಷೇತ್ರದಲ್ಲಿ ಮೊದಲಿಗರಾದ ಮಹಿಳೆಯರ ಸಾಲಿನಲ್ಲಿ ಇವರನ್ನು ಗುರುತಿಸಿತು.

ನಿವೃತ್ತಿಯ ನಂತರ

ನಿವೃತ್ತಿಯ ಬಳಿಕ ಇವರು ಭಾರತೀಯ ಮಹಿಳಾ ಅಧ್ಯಯನ ಸಂಘದೊಂದಿಗೆ ಕೆಲಸ ಮಾಡಿದರು. ಪತಿ ಶಿಶಿರ್ ಕುಮಾರ್ ೧೯೯೪ರಲ್ಲಿ ನಿಧನರಾದರು. ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. ರಾಜೇಶ್ವರಿಯವರು ೨೦೧೦ರ ಸೆಪ್ಟೆಂಬರ್ ೩ರಂದು ನಿಧನರಾದರು.

ಮಹತ್ವ

ರಾಜೇಶ್ವರಿಯವರ ಜೀವನವು ಕರ್ನಾಟಕದ ಹುಡುಗಿಯರ ವಿಜ್ಞಾನ ಶಿಕ್ಷಣದ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಮುಖ್ಯವಾಗಿದೆ. ಎಂಜಿನಿಯರಿಂಗ್ ಹೆಣ್ಣುಮಕ್ಕಳಿಗೆ ಹೇಳಿಸಿದ ವಿದ್ಯೆಯಲ್ಲ ಎಂಬ ಭಾವನೆಯನ್ನು ಅವರ ಸಾಧನೆ ಸುಳ್ಳಾಗಿಸಿತು. ಅಂಥ ಸಾಧನೆಗೆ ಪ್ರತಿಭೆಯ ಜೊತೆಗೆ ಏನೇನು ಬೇಕೆಂಬುದನ್ನೂ ಅದು ತೋರಿಸುತ್ತದೆ. ಮನೆಯವರ ಒಪ್ಪಿಗೆ, ಎಟುಕುವ ದೂರದ ಶಾಲೆ, ವಿಜ್ಞಾನ ಕಲಿಸುವ ಕಾಲೇಜು, ವಿದ್ಯಾರ್ಥಿವೇತನ ಮತ್ತು ಕೊನೆಗೊಂದು ಉದ್ಯೋಗ ಅವರಿಗೆ ಒಂದಾದ ಮೇಲೊಂದರಂತೆ ದೊರೆತವು. ಅವರ ಕಾಲದ ಹಳ್ಳಿಯ ಹುಡುಗಿಯರಲ್ಲಿ ಹೆಚ್ಚಿನವರಿಗೆ ಇವುಗಳಲ್ಲಿ ಮೊದಲನೆಯದೇ ದುರ್ಲಭವಾಗಿತ್ತು. ಉದಾಹರಣೆಗೆ, ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಮಹಿಳೆಯರಿಗೆಂದು ಇದ್ದ ಸಂತ ಆಗ್ನೆಸ್ ಕಾಲೇಜು (ಸ್ಥಾಪನೆ ೧೯೨೧) ಮಂಗಳೂರಿನಲ್ಲಿತ್ತು. ಘಟ್ಟದ ಬುಡದ ಚಾರ್ಮಾಡಿಯಂಥ ಊರಿನವರು ಅಲ್ಲಿ ಓದಬೇಕಾದರೆ ಮನೆ ಬಿಟ್ಟು ಪಟ್ಟಣದಲ್ಲಿ ನೆಲೆಸಬೇಕಿತ್ತು. ಇಂದು ಅದೇ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ.