ನ್ಯೂಟ್ರಾನ್ ಬೇರೆ, ಗಾಮಾ ಬೇರೆ: ರಾಜಾ ರಾಮಣ್ಣ

ಕಳವಾದಿಂದ ಖಾಡಿಯ ಗುಂಟ ದಕ್ಷಿಣಕ್ಕೆ ಸಾಗಿದರೆ ಟ್ರಾಂಬೆ ಸಿಗುತ್ತದೆ. ಅಲ್ಲಿನ ಪರಮಾಣು ಕೇಂದ್ರದಲ್ಲಿ ಇಲ್ಲವೇ ಆಸ್ಪತ್ರೆಯ ರೇಡಿಯೋಥೆರಪಿ ವಿಭಾಗದಲ್ಲಿ ನಿಮ್ಮವರು ಯಾರಾದರೂ ಕೆಲಸ ಮಾಡುತ್ತಿದ್ದರೆ, ವಿಕಿರಣ ಅಳೆಯುವ ಬ್ಯಾಡ್ಜ್ ಬಗ್ಗೆ ಕೇಳಿರುತ್ತೀರಿ. ಯಾವ ವಿಕಿರಣವನ್ನು ಅಳೆಯುವ ಬ್ಯಾಡ್ಜ್ ಎಂಬುದೇ ಇಲ್ಲಿ ಮುಖ್ಯ. ಅದನ್ನು ತಿಳಿಯಲು ಒಬ್ಬ ಕನ್ನಡಿಗರ ಬದುಕನ್ನು ನೋಡೋಣ.

ರಾಜಾ ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು, ತಿಪಟೂರಿನಲ್ಲಿ. ಬೆಂಗಳೂರು, ಮದ್ರಾಸುಗಳಲ್ಲಿ ಓದಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಹೋಮಿ ಭಾಭಾ ಅವರ ಬಳಿ ಕೆಲಸಕ್ಕೆ ಸೇರಿದರು. ಪಿಯಾನೋವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ಯುರೇನಿಯಂ ನ್ಯೂಕ್ಲಿಯಸ್ ಒಡೆದಾಗ ಏನೇನು ಹೊರಬರುತ್ತದೆ ಎಂಬುದನ್ನು ರಾಮಣ್ಣ ಮತ್ತು ಅವರ ತಂಡ ಅಳೆಯತೊಡಗಿದರು. ತೊಡಕು ಇಲ್ಲೇ: ನ್ಯೂಟ್ರಾನ್‌ಗಳೂ ಗಾಮಾ ಕಿರಣಗಳೂ ಒಟ್ಟೊಟ್ಟಿಗೆ ಬರುತ್ತವೆ. ಸಿಂಟಿಲೇಟರ್ ಎಂಬ ವಸ್ತುವಿಗೆ ಯಾವುದು ಬಡಿದರೂ ಬೆಳಕು ಮಿನುಗುತ್ತದೆ.

ಬೇರ್ಪಡಿಸುವುದು ಹೇಗೆ? ಒಂದು ದಾರಿ ಸಮಯ. ಗಾಮಾ ಬೆಳಕಿನ ವೇಗದಲ್ಲಿ ಮೊದಲು ತಲುಪುತ್ತದೆ, ನ್ಯೂಟ್ರಾನ್ ಹಿಂದೆ ಬೀಳುತ್ತದೆ. ಇನ್ನೊಂದು, ಮಿನುಗಿನ ಬಾಲ. ಪಿಯಾನೋದ ಒಂದೇ ಮನೆಯನ್ನು ಎರಡು ಸಲ ಒತ್ತಿ. ಒಮ್ಮೆ ಸ್ವರ ಥಟ್ಟನೆ ನಿಲ್ಲಲಿ, ಒಮ್ಮೆ ಗುನುಗುತ್ತ ಉಳಿಯಲಿ. ಕೆಲವು ದ್ರವ ಸಿಂಟಿಲೇಟರ್‌ಗಳಲ್ಲಿ ಹೀಗೇ ಆಗುತ್ತದೆ. ಗಾಮಾ ಒಂದು ಎಲೆಕ್ಟ್ರಾನನ್ನು ತಳ್ಳುತ್ತದೆ, ಬೆಳಕು ಬೇಗ ಆರುತ್ತದೆ. ನ್ಯೂಟ್ರಾನ್ ಭಾರದ ಪ್ರೋಟಾನನ್ನು ತಳ್ಳುತ್ತದೆ, ಅದರ ಬೆಳಕಿನಲ್ಲಿ ನಿಧಾನವಾಗಿ ಆರುವ ಪಾಲು ಹೆಚ್ಚು. ಈ ವ್ಯತ್ಯಾಸವೆಲ್ಲ ನ್ಯಾನೋಸೆಕೆಂಡುಗಳ ಲೆಕ್ಕದ್ದು.

ನಿಮ್ಮ ಆರೋಗ್ಯಕ್ಕೆ ಇದರಿಂದೇನು? ದೇಹ ಹೀರಿದ ಶಕ್ತಿ ಅಷ್ಟೇ ಇದ್ದರೂ ಹಾನಿ ಒಂದೇ ಅಲ್ಲ. ವಿಕಿರಣ ಸುರಕ್ಷತೆಯ ಲೆಕ್ಕದಲ್ಲಿ ಗಾಮಾದ ತೂಕ 1; ನ್ಯೂಟ್ರಾನಿನದು ಅದರ ಶಕ್ತಿಗೆ ತಕ್ಕಂತೆ 2.5ರಿಂದ ಸುಮಾರು 20. ತಡೆಯುವ ಗೋಡೆಯೂ ಬೇರೆ. ಗಾಮಾಕ್ಕೆ ಸೀಸ ಸಾಕು. ನ್ಯೂಟ್ರಾನ್‌ಗೆ ನೀರು, ಪ್ಯಾರಾಫಿನ್, ಕಾಂಕ್ರೀಟಿನಂಥ ಹೈಡ್ರೋಜನ್ ಇರುವ ವಸ್ತು ಬೇಕು. ಒಂದನ್ನು ಇನ್ನೊಂದೆಂದು ಎಣಿಸಿದರೆ ಗೋಡೆಯೇ ತಪ್ಪಾಗುತ್ತದೆ.

ಜನ ರಾಮಣ್ಣನವರನ್ನು 1974ರ ಪೋಖ್ರಾನ್ ಸ್ಫೋಟಕ್ಕಾಗಿ ನೆನೆಯುವುದೇ ಹೆಚ್ಚು. ಮುಂದೆ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು, 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. 2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ ತೀರಿಕೊಂಡರು.

ಸಾಮಾನ್ಯ ಟಿಎಲ್‌ಡಿ ಬ್ಯಾಡ್ಜ್ ಎಕ್ಸ್-ರೇ, ಬೀಟಾ, ಗಾಮಾಗಳಿಗೆ. ವೇಗದ ನ್ಯೂಟ್ರಾನ್ ಇರುವ ಕಡೆ ಸಿಆರ್-39 ಎಂಬ ಪ್ಲಾಸ್ಟಿಕ್ಕಿನ ಬೇರೆ ಬ್ಯಾಡ್ಜ್ ಕೊಡುತ್ತಾರೆ. ನಿಮ್ಮ ಕೆಲಸ ಅಂಥ ಕಡೆ ಇದ್ದರೆ, ಎದೆಯ ಮೇಲಿರುವುದು ಯಾವುದು ಎಂದು ನಿಮ್ಮ ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕೇಳಿ.